ದಿನಕ್ಕೆ ಹತ್ತು

ಕಳುವಾದದ್ದು ಎರಡು ಮೇಣದ ತುಂಡು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಇಂಡಿ ಠಾಣೆಯ ಪಿಎಸ್‌ಐ ವಿಜಯಲಕ್ಷ್ಮಿ ದೂರಿನ ಕಾಗದವನ್ನು ಎರಡು ಸಲ ಓದಿದಳು. ಎದುರಿಗೆ ನಿಂತ ಹೆಡ್ ಕಾನ್‌ಸ್ಟೆಬಲ್ ಖಂಡೆಪ್ಪ ಕತ್ತು ಚಾಚಿ ತಾನೂ ಓದಿದ.

"ಮೇಡಮ್ಮಾರ, ಮೇಣಬತ್ತಿ ಕಳುವಾದ್ರೂ ಕೇಸ್ ತಗೋಬೇಕೇನ್ರಿ?"

"ಬತ್ತಿ ಅಲ್ಲ. ತುಂಡು."

"ಎಷ್ಟ ದೊಡ್ಡೂವ್ರಿ?"

"ಅಂಚೆಚೀಟಿಯಷ್ಟು."

"ನಿನ್ನಿ ಎಮ್ಮಿ ಕಳಕೊಂಡಾವಗ ನಾಳೆ ಬಾ ಅಂದೇವ್ರಿ. ಅಂವ ಬಂದ್ರ ಏನ್ ಹೇಳ್ಲಿ?"

"ಕೂಡಸು. ಚಾ ಕುಡಸು. ಜೀಪ್ ತಗಿ."

ಸಿಂದಗಿ ರಸ್ತೆಯಲ್ಲಿ ಆ ಲ್ಯಾಬು. ಮುಂದೆ ಒಂದು ಹಾಲ್, ಹಿಂದೆ ಎರಡು ಕೋಣೆ. ಮಾಲಕಿ ಡಾಕ್ಟರ್ ಐಶ್ವರ್ಯ. ನಲವತ್ತರ ಹತ್ತಿರದ ವಯಸ್ಸು, ನಿದ್ದೆಗೆಟ್ಟ ಕಣ್ಣು. ಒಳಕೋಣೆಯ ಉಕ್ಕಿನ ಕಪಾಟಿನ ಎದುರು ನಿಲ್ಲಿಸಿ ತೋರಿಸಿದಳು. ಬೀಗದ ಕೊಂಡಿ ಎಬ್ಬಿಸಿದ್ದರು. ಒಳಗೆ ಸಣ್ಣ ಸಣ್ಣ ಖಾನೆಗಳು. ನಾನೂರಕ್ಕೂ ಹೆಚ್ಚು ಬಿಳಿ ತುಂಡುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮೇಲೆ ಒಂದು ನಂಬರ್. 116 ಇತ್ತು. 119 ಇತ್ತು. ನಡುವಿನ ಎರಡು ಖಾನೆ ಖಾಲಿ.

"ಇದರಾಗ ಏನಿರತದ?"

"ಪೇಶಂಟ್ ಮೈಯಿಂದ ತಗದ ತುಣುಕು. ಮೇಣದಾಗ ಹಾಕಿಟ್ಟರ ವರ್ಷಗಟ್ಟಲೆ ಕೆಡೂದಿಲ್ಲ. ಕಳುವಾದ ಎರಡೂ ಶ್ವಾಸಕೋಶದ್ದು. ಇಬ್ಬರು ಹೆಣ್ಮಕ್ಕಳದು. ಇಬ್ಬರಿಗೂ ಕ್ಯಾನ್ಸರ್."

ಒಬ್ಬಳು ಅಗರಖೇಡದ ಬಾಳಮ್ಮ. ಒಕ್ಕಲುತನದ ಮನೆ, ಐವತ್ತೆರಡು ವರ್ಷ. ಇನ್ನೊಬ್ಬರು ಬಸವನಬಾಗೇವಾಡಿಯ ಸಾವಿತ್ರೀಬಾಯಿ. ನಿವೃತ್ತ ವಿಜ್ಞಾನ ಶಿಕ್ಷಕಿ, ಅರವತ್ತಾರು. ನಾಲ್ಕು ತಿಂಗಳ ಹಿಂದೆ ಒಂದೇ ದಿನ ಇಬ್ಬರ ತುಣುಕೂ ಈ ಲ್ಯಾಬಿಗೆ ಬಂದಿದ್ದವು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಐಶ್ವರ್ಯ ಇಲ್ಲಿಯೇ ಹೇಳುತ್ತಾಳೆ. ಯಾವ ಜೀನ್ ಕೆಟ್ಟಿದೆ ಎಂಬುದನ್ನು ಹೈದರಾಬಾದಿನ ದೊಡ್ಡ ಲ್ಯಾಬು ಹೇಳಬೇಕು. ಅಲ್ಲಿಗೆ ಹೆಸರು ಹೋಗುವುದಿಲ್ಲ. ನಂಬರ್ ಅಷ್ಟೇ.

"ಜೀನ್ ನೋಡಿ ಏನು ಮಾಡ್ತೀರಿ?"

"ಒಂದು ನಮೂನಿ ಜೀನ್ ಕೆಟ್ಟಿದ್ರ ಅದಕ್ಕಂತನ ಒಂದು ಮಾತ್ರೆ ಅದ. ದಿನಕ್ಕೊಂದು. ಅದು ಹತ್ತಿದ್ರ ಕೆಲವರು ವರ್ಷಗಟ್ಟಲೆ ಚಲೋ ಇರ್ತಾರ. ಆ ನಮೂನಿ ಹೆಚ್ಚಾಗಿ ಸಿಗೂದು ಬೀಡಿ ಸಿಗರೇಟು ಮುಟ್ಟದವರೊಳಗ. ಸೇದಿದವರ ಗಂಟಿನ ನಮೂನೀನ ಬೇರೆ."

"ಹೆಂಗ ಗೊತ್ತಾಗತದ?"

"ಜೀನ್ ಅಂದ್ರ ನಾಕೇ ಅಕ್ಷರದಾಗ ಬರದ ದೊಡ್ಡ ಪುಸ್ತಕ ಅಂತ ತಿಳೀರಿ. ತಂಬಾಕಿನ ಹೊಗಿ ಅದರಾಗ ಕೈ ಹಾಕತದ. ಒಂದು ಅಕ್ಷರ ತಗದು ಇನ್ನೊಂದು ಇಡತದ. ಸಾವಿರಾರು ಕಡೆ ಅದೇ ತಪ್ಪು, ಅದೇ ನಮೂನಿ."

"ಕೈಬರಹ ಇದ್ದಂಗ."

"ಹೌದು, ಕೈಬರಹನ. ಸೇದೂದು ಬಿಟ್ಟು ಹತ್ತು ವರ್ಷ ಆದರೂ ಅಳಿಸೂದಿಲ್ಲ."

ವಿಜಯಲಕ್ಷ್ಮಿಗೆ ಈ ಮಾತು ಹಿಡಿಸಿತು. ಕೈಬರಹದ ಕೇಸುಗಳು ಅವಳಿಗೆ ಯಾವತ್ತೂ ಹಿಡಿಸುತ್ತವೆ.

ಸಾವಿತ್ರೀಬಾಯಿಯ ರಿಪೋರ್ಟಿನಲ್ಲಿ ಮಾತ್ರೆ ಹತ್ತುವ ನಮೂನೆ ಬಂದಿತ್ತು. ಬಾಳಮ್ಮನದರಲ್ಲಿ ಹೊಗೆಯ ಬರಹ. ಫಾರಂ ತೆಗೆದು ನೋಡಿದರೂ ಹಾಗೆಯೇ ಇತ್ತು. ಧೂಮಪಾನ ಎಂಬ ಕಾಲಮ್ಮಿನಲ್ಲಿ ಸಾವಿತ್ರೀಬಾಯಿಗೆ 'ಇಲ್ಲ'. ಬಾಳಮ್ಮನಿಗೆ 'ಸೇದುತ್ತಾರೆ, ದಿನಕ್ಕೆ ಹತ್ತು, ಮೂವತ್ತೊಂದು ವರ್ಷದಿಂದ'.

"ಫಾರಮ್ಮಿಗೂ ರಿಪೋರ್ಟಿಗೂ ಎಲ್ಲಾ ತಾಳೆ ಆಗೇದ. ಆದರ ಮೂರು ತಿಂಗಳು ಮಾತ್ರೆ ನುಂಗಿದ್ರೂ ಸಾವಿತ್ರೀಬಾಯಿಯವರ ಗಂಟು ದೊಡ್ಡದಾಗೇದ. ವಿಜಯಪುರದ ಡಾಕ್ಟರಿಗೆ ಸಂಶಯ ಬಂತು. ಅವರ ತುಣುಕು ಕಳಸ್ರಿ, ರಕ್ತದ ಜೋಡಿ ಹೋಲಿಸಿ ನೋಡ್ತೇವಿ ಅಂತ ಶುಕ್ರವಾರ ಪತ್ರ ಬಂತು. ಇವತ್ತ ಕಪಾಟು ನೋಡಿದ್ರ ಹಿಂಗ. ಅವುಗಳಿಂದ ಕೊಯ್ದ ಪದರಿನ ಗಾಜಿನ ಪಟ್ಟಿನೂ ಇಲ್ಲ."

"ಪತ್ರ ಕೇಳಿದ್ದು ಒಂದು. ಹೋಗಿದ್ದು ಎರಡು."

"ಹೌದು."

ವಿಜಯಲಕ್ಷ್ಮಿ ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಳು.

"ಮತ್ತ ತುಣುಕು ತಗದರ ಆಗೂದಿಲ್ಲೇನು?"

"ಸಾವಿತ್ರೀಬಾಯಿಯವರದು ತಗೀಬಹುದು. ಬಾಳಮ್ಮನದು ಆಗೂದಿಲ್ಲ. ಹೋದ ಸಲ ಸೂಜಿ ಹಾಕಿದಾಗ ಗಾಳಿ ಸೋರಿ ಐದು ದಿನ ಐಸಿಯುದಾಗ ಇದ್ದಳು. ಅಕಸ್ಮಾತ್ ಎರಡೂ ಅದಲು ಬದಲಾಗಿದ್ದರ..." ಐಶ್ವರ್ಯ ಮಾತು ನಿಲ್ಲಿಸಿ ಖಾಲಿ ಖಾನೆಯನ್ನು ನೋಡಿದಳು. "ಬಾಳಮ್ಮ ನುಂಗಬೇಕಾದ ಮಾತ್ರೆ ಬಾಗೇವಾಡ್ಯಾಗ ಹಾಳಾಗಲಿಕ್ಕೆ ಹತ್ತೇದ. ಆದರ ಅದಲಾಗಿದ್ದರ ಫಾರಂ ಹೆಂಗ ತಾಳೆ ಆಗತಿತ್ತು?"

"ಬಾಳಮ್ಮನ ಹತ್ರ ಎಷ್ಟು ದಿನ ಅದಾವ?"

"ಹಿಂಗ ಹೋದರ ಯುಗಾದಿ ನೋಡೂದು ಕಷ್ಟ."

ಇನ್ನೂ ಜನವರಿ. ಗೋಡೆಯ ಮೇಲೆ ಹೊಸ ಕ್ಯಾಲೆಂಡರ್ ಇತ್ತು.

* * *

ಲ್ಯಾಬಿನ ಹಿರಿಯ ಟೆಕ್ನಿಶಿಯನ್ ಚೇತನಕುಮಾರ. ಮುದ್ದೇಬಿಹಾಳದವನು. ಹತ್ತು ವರ್ಷದಿಂದ ಇಲ್ಲಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಕೋಟು, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಫಾರಂ ತುಂಬುವವನು ಅವನೇ, ರಿಜಿಸ್ಟರ್ ಬರೆಯುವವನು ಅವನೇ. ಯಾರ ತುಣುಕಿಗೆ ಯಾವ ನಂಬರ್ ಎಂಬುದು ಆ ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ.

"ಶನಿವಾರ ಎರಡರಿಂದ ಮೂರು ಕರೆಂಟ್ ಇದ್ದಿಲ್ರಿ. ಕ್ಯಾಮೆರಾ ಬಂದ್ ಇತ್ತು. ನಾ ಊಟಕ್ಕ ಕುಂತಿದ್ದೆ. ಆ ಹೊತ್ತಿನ್ಯಾಗ ಇಬ್ಬರು ಬಂದಿದ್ರು."

"ಯಾರ್‍ಯಾರು?"

"ಬಾಳಮ್ಮನ ಯಜಮಾನ್ರು ಶ್ರೀಶೈಲಪ್ಪ. ನನ್ನ ಹೆಂಡ್ತಿ ಸೇದ್ತಾಳಂತ ಹೆಂಗ ಬರದಿ ಅಂತ ಮೈಮ್ಯಾಲ ಬಂದ್ರು. ಅವರು ಹ್ವಾದ ಮ್ಯಾಲ ಸಾವಿತ್ರೀಬಾಯಾರ ಮಗ ಆನಂದತೀರ್ಥ ಬಂದ್ರು. ನಮ್ಮ ತಾಯಿ ತುಣುಕು ಕೊಡ್ರಿ, ಪುಣೆಕ್ಕ ಒಯ್ತೇನಿ ಅಂದ್ರು. ಕೊಡಾಕ ಬರಂಗಿಲ್ರಿ ಅಂದೆ. ಸಿಟ್ಟಿನಿಂದ ಹ್ವಾದ್ರು."

ಖಂಡೆಪ್ಪ ಕೈಗವಸು ಕೇಳಿದ. ಡಬ್ಬಿಯ ತಳದಲ್ಲಿ ಒಂದು ಜೊತೆ ಮಾತ್ರ ಉಳಿದಿತ್ತು. ಪಕ್ಕದಲ್ಲಿದ್ದ ಹೊಸ ಡಬ್ಬಿಗೆ ಕೈ ಹಾಕಿದಾಗ ಚೇತನಕುಮಾರ ತಡೆದ.

"ಒಂದು ಮುಗಿಯೋತನಕ ಇನ್ನೊಂದು ಒಡಿಯಂಗಿಲ್ರೀ. ಯಾವ ಸಾಮಾನಾದರೂ ಅಷ್ಟ. ಇದು ನನ್ನ ರೂಲು."

"ನಮ್ಮ ಮನ್ಯಾಗ ಹಿಂಗ ಉಪ್ಪಿನಕಾಯಿ ಭರಣಿಗೆ ರೂಲು ಮಾಡ್ಯಾಳ್ರಿ ನನ್ನ ಹೆಂಡ್ತಿ," ಎಂದ ಖಂಡೆಪ್ಪ.

ಚೇತನಕುಮಾರ ನಗಲಿಲ್ಲ. ವಿಜಯಲಕ್ಷ್ಮಿ ಶೆಲ್ಫಿನ ಸಾಮಾನು ನೋಡುತ್ತಿದ್ದಳು. ಬಾಟಲಿಗಳು, ಗಾಜಿನ ಪಟ್ಟಿಗಳು, ಕಾಳಿನಂತಹ ಮೇಣದ ಎರಡು ಚೀಲ. ಎರಡರ ಬಾಯಿಗೂ ರಬ್ಬರ್ ಬ್ಯಾಂಡು. ಎಲ್ಲಾ ಓರಣ. ಅವಳು ಎರಡೂ ಫಾರಮ್ಮಿನ ಮತ್ತು ರಿಜಿಸ್ಟರಿನ ಆ ಪುಟದ ಫೋಟೋ ತೆಗೆದುಕೊಂಡು ಹೊರಟಳು.

* * *

ಅಗರಖೇಡದ ಹೊಲಗಳಲ್ಲಿ ಬಿಳಿಜೋಳ ತೆನೆ ಕಟ್ಟಿತ್ತು. ಶ್ರೀಶೈಲಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಪೊಲೀಸ್ ಜೀಪು ನೋಡಿ ಎದ್ದು ನಿಂತ. ಓಡುವವನ ಹಾಗೆ ಅಲ್ಲ, ಬರಬೇಕಾದವರು ಬಂದರು ಎನ್ನುವ ಹಾಗೆ.

"ಬೈದೇನಿ, ಖರೆ. ಕದ್ದಿಲ್ರಿ."

"ಯಾಕ ಬೈದ್ರಿ?"

"ಮೂವತ್ತ ವರ್ಷ ಬೀಡಿ ಸೇದಾವ ನಾನ್ರಿ. ಆಕಿ ಬೀಡಿಕಟ್ಟ ಕೈಲೆ ಮುಟ್ಟಿದಾಕಿ ಅಲ್ಲ. ನನ್ನ ಹೊಗೀನ ಆಕಿ ಎದಿಯೊಳಗ ಹೊಕ್ಕೈತಿ. ಬರಿಯೂದಿದ್ರ ನನ್ನ ಹೆಸರು ಬರೀರಿ ಅಂದೆ. ಅದಕ್ಕ ಆ ಹುಡುಗ, ಆಕೀನ ಒಪ್ಪ್ಯಾಳ ಅಂತಾನ."

"ನೀವು ಆಕಿನ್ನ ಕೇಳಿದ್ರೇನು?"

ಶ್ರೀಶೈಲಪ್ಪ ಹೆಗಲಿನ ವಸ್ತ್ರ ತೆಗೆದು ಮತ್ತೆ ಹಾಕಿಕೊಂಡ. "ಹೆಂಗ ಕೇಳ್ಲಿರಿ? ಸುಳ್ಳಿದ್ರ ಆಕಿ ಮನಸ್ಸು ಮುರೀತೈತಿ. ಖರೆ ಇದ್ರ ನಂದು. ಆಕಿಗೆ ಈ ರಿಪೋರ್ಟಿನ ಸುದ್ದೀನ ಹೇಳಿಲ್ಲ. ರಿಪೋರ್ಟ್ ಕೈಗೆ ಬಂದ ದಿನದಿಂದ ಬೀಡಿ ಬಿಟ್ಟೇನಿ."

ವಿಜಯಲಕ್ಷ್ಮಿ ಒಳಗೆ ಹೋದಳು. ಖಂಡೆಪ್ಪ ಬಾಗಿಲಲ್ಲಿ ನಿಂತ. ಬಾಳಮ್ಮ ಗೋಡೆಗೆ ಒರಗಿ ಕೌದಿಯ ಮೇಲೆ ಕೂತಿದ್ದಳು. ಬಡಕಲಾಗಿದ್ದಳು. ಔಷಧಕ್ಕೆ ಕೂದಲು ಉದುರಿ ಸೆರಗು ತಲೆಯಿಂದ ಜಾರುತ್ತಿತ್ತು. ಆದರೂ ಬಂದವರಿಗೆ ಚಹಾ ಮಾಡಲು ಏಳಹೋದಳು.

"ಕೂಡ್ರಿ ಅಕ್ಕಾರ. ಒಂದು ಮಾತು ಕೇಳಾಕ ಬಂದೇನಿ."

ಕೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಕೊಲೆಗಾರರ ಮುಖ ನೋಡಿ ಏನೇನೋ ಕೇಳಿದ್ದಾಳೆ. ಕುಂಕುಮ ಇಟ್ಟುಕೊಂಡು, ತಲೆ ಮೇಲೆ ಸೆರಗು ಹೊದ್ದು ಕೂತ ಈ ಹೆಂಗಸನ್ನು ಬೀಡಿ ಎಂದು ಹೇಗೆ ಕೇಳುವುದು?

"ನೀವು... ಸೇದ್ತಿದ್ರೇನ್ರಿ?"

"ಹೌದ್ರಿ," ಎಂದಳು ಬಾಳಮ್ಮ, ಊಟ ಆಯಿತೇನು ಎಂದು ಕೇಳಿದರೆ ಹೇಳುವ ಹಾಗೆ. "ಮದಿವ್ಯಾಗಿ ಬಂದ ಮರುದಿನದಿಂದ. ನಮ್ಮತ್ತಿನ ಕಲಿಸಿದ್ಳು."

ಬಾಗಿಲಲ್ಲಿದ್ದ ಖಂಡೆಪ್ಪ ಕೆಮ್ಮಿದ.

"ದಿನಾ ಎಷ್ಟು?"

"ಹತ್ತು. ಹಬ್ಬ ಹುಣ್ಣಿವಿಗೆ, ಬೀಗರು ಬಂದ್ರ ಹದಿನೈದೂ ಆಗತಿದ್ವು. ಈಗ ಬಿಟ್ಟೇನ್ರಿ. ಒಂದ ಸೇದೂದ್ರಾಗ ದಮ್ಮು ಹತ್ತತೈತಿ."

"ಯಾರಿಗರ ಗೊತ್ತೈತೇನು?"

ಬಾಳಮ್ಮ ನಕ್ಕಳು. ನಗುವಿನ ನಡುವೆ ಉಸಿರು ಸಿಕ್ಕಿಕೊಂಡಿತು. "ಊರಿಗೇ ಗೊತ್ತೈತ್ರಿ. ಇದರಾಗ ಮುಚ್ಚಿಡೂದೇನೈತಿ?"

ವಿಜಯಲಕ್ಷ್ಮಿ ಡೈರಿ ಮುಚ್ಚಿದಳು. ಊರಿಗೆಲ್ಲ ಗೊತ್ತು, ಗಂಡನಿಗೆ ಮಾತ್ರ ಗೊತ್ತಿಲ್ಲ. ಎಲ್ಲೋ ಒಂದು ಎಳೆ ತಪ್ಪಿತ್ತು.

ಹೊಸ್ತಿಲು ದಾಟುವಾಗ ಪಕ್ಕದ ಮನೆಯ ಹೆಂಗಸು ಎರಡು ಖಾಲಿ ಕೊಡ ಹಿಡಿದು ಅಂಗಳಕ್ಕೆ ಬಂದಳು. ಪೊಲೀಸರನ್ನು ಲೆಕ್ಕಿಸದೆ ಒಳಗಿನವಳಿಗೆ ಕೂಗಿದಳು.

"ಬಾಳಕ್ಕಾ, ನಿನ್ನ ಕೊಡಾನೂ ಕೊಡಬೇ. ನಿಂದೂ ಎರಡು ಸೇದಿ ಇಡ್ತೇನಿ!"

ವಿಜಯಲಕ್ಷ್ಮಿ ನಿಂತಳು. ತಿರುಗಿ ಒಳಗೆ ಬಂದು ಬಾಳಮ್ಮನ ಬಲಗೈ ತೆಗೆದುಕೊಂಡು ಅಂಗೈ ನೋಡಿದಳು. ನಡುವೆ ಅಡ್ಡಲಾಗಿ ಗಟ್ಟಿಯಾದ ಪಟ್ಟಿ. ಹಗ್ಗ ಜಾರಿ ಜಾರಿ ಆದದ್ದು.

"ಅಕ್ಕಾರ, ಹತ್ತು ಅಂದ್ರೆಲ್ಲ. ಹತ್ತು ಏನು?"

"ಹತ್ತು ಕೊಡಾರೀ," ಎಂದಳು ಬಾಳಮ್ಮ. ಇಷ್ಟು ದೊಡ್ಡ ಆಫೀಸರಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ ನೋಡಿದಳು. "ನಳದ ನೀರಿಗೆ ಬ್ಯಾಳಿ ಬೇಯಂಗಿಲ್ರಿ. ಕುಡ್ಯಾಕ, ಅಡಗಿಗೆ, ಎಲ್ಲಾ ಸೀನೀರ ಬಾವಿದು. ನೀವೇನ ಕೇಳಿದ್ರಿ?"

"ಅದನ್ನ ಕೇಳಿದ್ನಿರಿ."

* * *

ಊರು ದಾಟಿದ ಮೇಲೆ ಖಂಡೆಪ್ಪ ಜೀಪಿನ ವೇಗ ಇಳಿಸಿದ.

"ಮೇಡಮ್ಮಾರ, ನೀವೂ ಬೀಡಿ ಅನ್ನಲಿಲ್ರಿ."

"ಬಾಯಿ ಬರಲಿಲ್ಲೋ."

"ಫಾರಂ ತುಂಬಿದವಗೂ ಬಂದಿರಲಿಕ್ಕಿಲ್ಲ ಬಿಡ್ರಿ."

ಅವಳು ಫೋನಿನಲ್ಲಿ ರಿಜಿಸ್ಟರಿನ ಫೋಟೋ ತೆರೆದು ದೊಡ್ಡದು ಮಾಡಿದಳು. ಓರಣದ ಅಕ್ಷರ. ಇಡೀ ಪುಟದಲ್ಲಿ ವೈಟ್ನರ್ ಹಚ್ಚಿದ್ದು ಎರಡೇ ಕಡೆ. ಬಾಳಮ್ಮನ ಹೆಸರಿನ ಮುಂದೆ 118. ಸಾವಿತ್ರೀಬಾಯಿಯ ಹೆಸರಿನ ಮುಂದೆ 117. ಎರಡರಲ್ಲೂ ಕೊನೆಯ ಅಂಕಿಯ ಕೆಳಗೆ ವೈಟ್ನರಿನ ಉಬ್ಬು.

ಯಾರೋ ತಿದ್ದಿದ್ದಾರೆ. ಮೊದಲು ಇದ್ದದ್ದು ಸರಿಯೋ, ತಿದ್ದಿದ್ದು ಸರಿಯೋ? ಬಾಳಮ್ಮ ಬೀಡಿ ಸೇದಿದವಳಲ್ಲ. ಹಾಗಾದರೆ 118ರ ಗಂಟಿನಲ್ಲಿದ್ದ ಹೊಗೆಯ ಬರಹ ಯಾರದು? ಅದಕ್ಕೆ ಉತ್ತರ ಕೊಡಬಲ್ಲವರು ಒಬ್ಬರೇ.

ಮನೆಯ ತಿರುವಿನಲ್ಲಿ ಜೀಪು ನಿಂತಿತು. ದಿನವೂ ಸಂಜೆ ಅಲ್ಲಿ ನಿಲ್ಲುತ್ತದೆ. ಮನೆಗೆ ಹೋಗುವ ಮುನ್ನ ವಿಜಯಲಕ್ಷ್ಮಿ ಐದು ನಿಮಿಷ ಸುಮ್ಮನೆ ಕೂರುತ್ತಾಳೆ. ಏನನ್ನೂ ಯೋಚಿಸುವುದಿಲ್ಲ, ಯಾರಿಗೂ ಫೋನ್ ಮಾಡುವುದಿಲ್ಲ. ಯಾಕೆಂದು ಖಂಡೆಪ್ಪ ಕೇಳಿಲ್ಲ. ಚಹಾ ಕುಡಿಯುತ್ತೇನೆಂದು ಇಳಿದು ಹೋಗುತ್ತಾನೆ.

* * *

ಮರುದಿನ ಹನ್ನೊಂದಕ್ಕೆ ಬಸವನಬಾಗೇವಾಡಿ. ಗೇಟಿನಲ್ಲಿಯೇ ಆನಂದತೀರ್ಥ ಸಿಕ್ಕ. ಕಾಲೇಜಿನ ಲೆಕ್ಚರರ್. ಕನ್ನಡಕ ಒರೆಸುತ್ತಲೇ ಇದ್ದ.

"ಪುಣೆದಾಗ ನಮ್ಮ ಸೋದರಮಾವ ಇದ್ದಾರ. ಅಲ್ಲಿ ತೋರಸಬೇಕಂತ ತುಣುಕು ಕೇಳಿದೆ ಅಷ್ಟೇ."

"ಪುಣೆದಾಗ ಯಾವ ಡಾಕ್ಟರ್?"

ಅವನು ಕನ್ನಡಕವನ್ನು ಮತ್ತೊಮ್ಮೆ ಒರೆಸಿದ. ವಿಜಯಲಕ್ಷ್ಮಿ ಕಾದಳು. ಕಾಯುವುದು ಅವಳಿಗೆ ಬರುತ್ತದೆ.

"ಅಮ್ಮನ ಕಪಾಟಿನಾಗ, ಮಡಿ ಸೀರಿ ಕೆಳಗ, ಲೈಟರ್ ಸಿಕ್ತು," ಎಂದ ಕೊನೆಗೆ, ರಸ್ತೆಯ ಕಡೆ ನೋಡುತ್ತ. "ಮತ್ತ ಪರೀಕ್ಷಾ ಆದರ ಏನು ಹೊರಗ ಬರತದೋ ಅಂತ ಅಂಜಿಕಿ ಬಂತು. ಒಯ್ದು ಎಲ್ಲ್ಯರ ಒಗದ್ರಾತು ಅಂತ ಹೋಗಿದ್ದೆ. ಅವರು ಕೊಡಲಿಲ್ಲ. ಬಂದೆ. ಕದೀಲಿಕ್ಕೆ ನನಗ ಧೈರ್ಯ ಇಲ್ರಿ."

ಕೊನೆಯ ಮಾತನ್ನು ವಿಜಯಲಕ್ಷ್ಮಿ ನಂಬಿದಳು.

ಸಾವಿತ್ರೀಬಾಯಿ ಒಳಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ನೀರಿನ ತಂಬಿಗೆ ಮತ್ತು ಮಾತ್ರೆಯ ಪಟ್ಟಿ. ಸೊಸೆ ಮಂಜರಿ ಚಹಾ ಇಟ್ಟು ಹೋದಳು. ವಿಜಯಲಕ್ಷ್ಮಿ ಬಾಗಿಲು ಮುಂದೆ ಮಾಡಿದಳು. ಈ ಸಲ ಶಬ್ದ ನುಂಗಲಿಲ್ಲ.

"ಬಾಯಾರ, ನೀವು ಸಿಗರೇಟು ಸೇದ್ತಿದ್ರೇನ್ರಿ?"

ಮುದುಕಿಯ ಮುಖದ ಮೇಲೆ ಏನೂ ಕಾಣಲಿಲ್ಲ. ಕೈ ಮಾತ್ರ ಸೆರಗಿನ ತುದಿ ಹಿಡಿಯಿತು.

"ಇದನ್ನ ಯಾರು ಕೇಳ್ಲಿಕ್ಕೆ ಹತ್ತಾರ? ಪೊಲೀಸರೋ, ನೀವೋ?"

"ಅಗರಖೇಡದ ಬಾಳಮ್ಮ."

ವಿಜಯಲಕ್ಷ್ಮಿ ಎಲ್ಲವನ್ನೂ ಹೇಳಿದಳು. ಎರಡು ತುಣುಕು, ಎರಡು ಫಾರಂ, ಹತ್ತು ಕೊಡ. ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವರಿಗೆ ಉಳಿದದ್ದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ನಮ್ಮನಿಯವರು ತೀರಿಕೊಂಡಾಗ ಅವರ ಕೋಟಿನ ಕಿಸೆದಾಗ ಅರ್ಧ ಪಾಕೀಟು ಉಳದಿತ್ತು," ಎಂದರು. "ಒಗೀಲಿಕ್ಕೆ ಆಗಲಿಲ್ಲ. ಒಂದಿನ ಹಚ್ಚಿದೆ. ವಾಸನಿಗಂತ. ಕೋಣಿಯೊಳಗ ಅವರು ಬಂದು ನಿಂತಂಗ ಆಗತಿತ್ತು. ಆ ಪಾಕೀಟು ಮುಗಿಯೂದ್ರಾಗ ಅವರ ವಾಸನಿ ಹೋಗಿ ನಂದು ಉಳೀತು."

"ಎಲ್ಲಿ ಸೇದ್ತಿದ್ರಿ?"

"ಸಾಲಿ ಪ್ರಯೋಗಶಾಲಾದ ಹಿಂದಿನ ಕೋಣಿ. ಗಂಧಕ, ಆ್ಯಸಿಡ್ಡು, ಏನೇನೋ ವಾಸನಿ. ಅದರಾಗ ಯಾರಿಗೂ ತಿಳೀತಿರಲಿಲ್ಲ. ರಿಟೈರ್ ಆದ ಮ್ಯಾಲ ಮಾಳಗಿ. ದಿನಾ ನಾಕು. ಒಂದಕ್ಕ ಐದು ನಿಮಿಷ. ಆ ಐದು ನಿಮಿಷ ನಾ ಯಾರ ತಾಯಿನೂ ಅಲ್ಲ, ಯಾವ ಸಾಲಿ ಮಕ್ಕಳ ಬಾಯಾರೂ ಅಲ್ಲ. ನಿಮಗ ಇದು ತಿಳೀಲಿಕ್ಕಿಲ್ಲ."

ವಿಜಯಲಕ್ಷ್ಮಿಗೆ ಮನೆಯ ತಿರುವಿನಲ್ಲಿ ನಿಲ್ಲುವ ಜೀಪು ನೆನಪಿಗೆ ಬಂತು.

"ಫಾರಮ್ಮಿನ್ಯಾಗ ಇಲ್ಲ ಅಂದ್ರಿ."

"ಅನ್ನಲಿಲ್ಲ. ಆ ಹುಡುಗ ನನ್ನ ಕೇಳಲೇ ಇಲ್ಲ. ಟೀಚರು, ಮಡಿ ಹುಡಿ ಮನಿ. ಬಾಜೂಕ್ಕ ಮಗ ಕೂತಾನ. ತಾನೇ 'ಇಲ್ಲ' ಅಂತ ಬರಕೊಂಡು ಮುಂದಿನ ಪ್ರಶ್ನಿಗೆ ಹೋದ. ನಾ ನೋಡಿದೆ. ತಿದ್ದಲಿಲ್ಲ." ಸೆರಗಿನ ತುದಿ ಬಿಟ್ಟರು. "ಇಷ್ಟು ವರ್ಷ ಮಂದಿ ಮಕ್ಕಳ ತಪ್ಪು ತಿದ್ದಿದಾಕಿ ನಾನು."

ಹೊರಗೆ ಮಂಜರಿ ಕುಕ್ಕರ್ ಇಳಿಸಿದ ಸದ್ದು. ಸಾವಿತ್ರೀಬಾಯಿ ಮಾತ್ರೆಯ ಪಟ್ಟಿಯನ್ನು 'ನಿಮ್ಮದು ಇಲ್ಲೇ ಉಳೀತು ನೋಡ್ರಿ' ಎಂದು ಮರೆತ ವಸ್ತು ಕೊಡುವವರ ಹಾಗೆ ಸ್ಟೂಲಿನ ಈಚೆಯ ಅಂಚಿಗೆ ಸರಿಸಿದರು.

"ಇದು ಆಕೀದು."

* * *

ಮಧ್ಯಾಹ್ನ ಮೂರೂವರೆ. ಲ್ಯಾಬಿನ ಒಳಕೋಣೆ. ಡಾಕ್ಟರ್ ಐಶ್ವರ್ಯ ಕೂತಿದ್ದಳು. ಚೇತನಕುಮಾರ ಕಪಾಟಿನ ಪಕ್ಕ ನಿಂತಿದ್ದ. ಖಂಡೆಪ್ಪ ಬಾಗಿಲು ಹಾಕಿದ.

"ಚೇತನ, ನೀವು ಬಾಳಮ್ಮನ್ನ ಏನಂತ ಕೇಳಿದ್ರಿ?"

"ಸೇದ್ತೀರೇನ್ರಿ ಅಂತ ಕೇಳಿದೆ. ಹೌದ್ರಿ ಅಂದ್ರು. ಎಷ್ಟು ಅಂದೆ. ಹತ್ತು ಅಂದ್ರು."

"ಬೀಡಿ ಅಂತ ಅಂದ್ರೇನು?"

"ಹೆಣ್ಮಕ್ಕಳಿಗೆ ಬೀಡಿ ಅಂತ ಹೆಂಗ ಕೇಳೂದ್ರಿ?"

"ಹತ್ತು ಕೊಡ ಚೇತನ. ಆಕಿ ಹೇಳಿದ್ದು ಬಾವಿ ನೀರಿಂದು."

ಅವನ ಬಾಯಿ ಅರ್ಧ ತೆರೆಯಿತು. ಮುಚ್ಚಲಿಲ್ಲ. ಐಶ್ವರ್ಯ ಎರಡೂ ಕೈಯಿಂದ ಹಣೆ ಹಿಡಿದುಕೊಂಡಳು.

ವಿಜಯಲಕ್ಷ್ಮಿ ನಿಧಾನವಾಗಿ ಹೇಳುತ್ತ ಹೋದಳು.

"ಬಾಳಮ್ಮನ ಮನಿಯವರು ಕದ್ದಿದ್ರ ಒಂದು ತುಂಡು ಹೋಗತಿತ್ತು. ಸಾವಿತ್ರೀಬಾಯಿ ಮಗ ಕದ್ದಿದ್ರೂ ಒಂದನ ಹೋಗತಿತ್ತು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ. ಒಂದು ಊರಲ್ಲ, ಒಂದು ತಾಲೂಕಲ್ಲ. ಇಬ್ಬರ ರಿಪೋರ್ಟಿನ ಮ್ಯಾಲೂ ಒಂದೊಂದ ನಂಬರ್ ಇರತದ. ನಾನೂರು ತುಂಡಿನ್ಯಾಗ ಈ ಎರಡಕ್ಕ ಗಂಟು ಹಾಕಿದಾಂವ ಒಬ್ಬನ. ರಿಜಿಸ್ಟರಿನ್ಯಾಗ ಅವನ್ನ ಅದಲು ಬದಲು ಮಾಡಿದಾಂವ."

"ಅದಲು ಬದಲು ಮಾಡಿ ಯಾರಿಗೇನು ಸಿಕ್ತು?" ಐಶ್ವರ್ಯ ಕೇಳಿದಳು. "ನಮೂನಿ ಹೊಂದದ ಮನಷ್ಯಾಗ ಆ ಮಾತ್ರೆ ಹತ್ತೂದಿಲ್ಲ."

"ಯಾರಿಗೂ ಏನೂ ಸಿಗಲಿಲ್ಲ. ಅದಕ್ಕ ನನಗ ತಿಳೀತು. ಲಾಭಕ್ಕಂತ ಮಾಡಿದ್ದಲ್ಲ ಇದು. ತಿದ್ದೇನಿ ಅಂತ ತಿಳಕೊಂಡು ಮಾಡಿದ್ದು. ಹೈದರಾಬಾದಿಂದ ರಿಪೋರ್ಟ್ ಬಂತು. ಬಾಳಮ್ಮನ 117ರಾಗ ಹೊಗಿ ಇಲ್ಲ. ಸಾವಿತ್ರೀಬಾಯಿ 118ರಾಗ ಹೊಗಿ ಅದ. ಕೈಯಾಗಿನ ಫಾರಂ ತಲಿಕೆಳಗ ಹೇಳತದ. ಆಗ ಏನು ಅನಸ್ತದ? ತುಂಡು ಮಾಡೋವಾಗ ನಾನ ನಂಬರ್ ತಪ್ಪಿಸೇನಿ ಅಂತ ಅನಸ್ತದ. ಹೌದಲ್ರಿ ಚೇತನ? ಫಾರಂ ಬರದವರು ನೀವು. ನೀವು ಬರದದ್ದನ್ನ ನೀವು ನಂಬಿದ್ರಿ. ಹೊಗಿ ಬರದದ್ದನ್ನ ನಂಬಲಿಲ್ಲ."

"ಇದು ಊಹಾ ಆತ್ರಿ," ಎಂದ ಚೇತನಕುಮಾರ. ಧ್ವನಿ ಸಣ್ಣದಾಗಿತ್ತು. "ತುಂಡು ನನ್ನ ಹತ್ರ ಎಲ್ಲದಾವು?"

"ಒಂದು ಮುಗಿಯೋತನಕ ಇನ್ನೊಂದು ಒಡಿಯಂಗಿಲ್ಲ. ನಿಮ್ಮ ರೂಲು." ವಿಜಯಲಕ್ಷ್ಮಿ ಶೆಲ್ಫಿನ ಕಡೆ ಕೈ ಮಾಡಿದಳು. "ಮೇಣದ ಚೀಲ ಎರಡು ಒಡದೀರಿ. ಮೊದಲನೇದು ಇನ್ನೂ ಅರ್ಧ ಅದ."

ಖಂಡೆಪ್ಪ ಎರಡನೆಯ ಚೀಲದ ರಬ್ಬರ್ ಬ್ಯಾಂಡು ಬಿಚ್ಚಿ ಮೇಜಿನ ಮೇಲೆ ಸುರಿದ. ಬಿಳಿ ಕಾಳಿನ ರಾಶಿಯೊಳಗಿಂದ ಎರಡು ತುಂಡು ಜಾರಿ ಬಂದವು. 117. 118. ಜೊತೆಗೆ ಕಾಗದದಲ್ಲಿ ಸುತ್ತಿದ ಅವುಗಳ ಗಾಜಿನ ಪಟ್ಟಿಗಳು.

ಚೇತನಕುಮಾರ ಸ್ಟೂಲಿನ ಮೇಲೆ ಕೂತ.

"ಆ ದಿನ ಮಗಳಿಗೆ ಜ್ವರಾ ಇತ್ರಿ. ಒಂದು ಕೈಯಾಗ ಫೋನು, ಒಂದು ಕೈಯಾಗ ಕೆಲಸ. ತಪ್ಪಿಸೇನಿ ಅಂತನ ಅನಿಸ್ತು. ಮೇಡಮ್ಮಾರಿಗೆ ಹೇಳಿದ್ರ ಹತ್ತು ವರ್ಷದ ಹೆಸರು ಹೋಗತೈತಿ ಅಂತ ಸುಮ್ಮನ ತಿದ್ದಿದೆ. ಛಲೋನ ಮಾಡೇನಿ ಅಂತ ತಿಳದಿದ್ದೆ. ಶುಕ್ರವಾರ ಪತ್ರ ಬಂದಾಗ, ರಕ್ತಕ್ಕ ಹೋಲಿಸಿದ್ರ ವೈಟ್ನರ್ ಹಚ್ಚಿದ್ದು ಹೊರಗ ಬರತೈತಿ ಅಂತ ಅಂಜಿದೆ."

"ಸುಟ್ಟು ಬಿಡಬಹುದಿತ್ತು."

"ಒಂದ ಸಲ ಬಂದ ತುಣುಕು ನಾ ಎಂದೂ ಒಗದಿಲ್ರಿ."

"ತಿದ್ದಿದ್ದಕ್ಕ ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ," ಎಂದಳು ವಿಜಯಲಕ್ಷ್ಮಿ. "ಹೇಳದ ತಿದ್ದೀರಿ. ಮುಚ್ಚಾಕ ಕದ್ದೀರಿ. ಮ್ಯಾಲ ಇಬ್ಬರು ಗಂಡಸರ ಕಡೆ ಬೆರಳು ಮಾಡೀರಿ. ಇನ್ನೊಂದು. ಒಕ್ಕಲಗಿತ್ತಿನ್ನ ಕೇಳಿದ್ರಿ. ಬಾಯಾರನ್ನ ಕೇಳಲಿಲ್ಲ. ಅದು ಯಾವ ರೂಲು?"

ಚೇತನಕುಮಾರ ಕಿಸೆಯ ಮೂರು ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟ.

"ರಿಪೋರ್ಟಿನ ಮ್ಯಾಲ ಸಹಿ ನನ್ನದು," ಎಂದಳು ಐಶ್ವರ್ಯ, ಯಾರೂ ಕೇಳದಿದ್ದರೂ. "ನಾನೂ ಫಾರಂ ತಾಳೆ ಆತಂತ ಸಹಿ ಮಾಡಿದೆ. ನನ್ನ ಹೇಳಿಕಿನೂ ಬರಕೋರಿ."

ಖಂಡೆಪ್ಪ ಇಬ್ಬರ ಹೇಳಿಕೆಯನ್ನೂ ಬರೆದುಕೊಂಡ. ತುಂಡುಗಳು ಮೊಹರು ಹಚ್ಚಿಸಿಕೊಂಡು, ಪೊಲೀಸ್ ಬೆಂಗಾವಲಿನಲ್ಲಿ ಅವತ್ತೇ ಹೈದರಾಬಾದಿನ ದಾರಿ ಹಿಡಿದವು. ಎಮ್ಮೆ ಕಳೆದುಕೊಂಡವನು ಠಾಣೆಯಲ್ಲಿ ಇನ್ನೂ ಕೂತಿದ್ದ.

* * *

ಹನ್ನೊಂದನೆಯ ದಿನ ಉತ್ತರ ಬಂತು. 117 ಬಾಳಮ್ಮನ ರಕ್ತಕ್ಕೆ ಹೊಂದಿತು. 118 ಸಾವಿತ್ರೀಬಾಯಿಯದಕ್ಕೆ. ಮೊದಲು ಬರೆದ ನಂಬರೇ ಸರಿಯಿತ್ತು. ಆ ವಾರ ಬಾಳಮ್ಮನಿಗೆ ಮಾತ್ರೆ ಶುರುವಾಯಿತು. ಸಾವಿತ್ರೀಬಾಯಿಗೆ ಬೇರೆ ಔಷಧ ಹಚ್ಚಿದರು. ಅದು ಹತ್ತುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊಸ ಫಾರಂ ತುಂಬುವಾಗ ಪೆನ್ನನ್ನು ತಾವೇ ತೆಗೆದುಕೊಂಡರು. ಪಕ್ಕದಲ್ಲಿ ಮಗ ಇದ್ದ, ಹಿಂದೆ ಸೊಸೆ ನಿಂತಿದ್ದಳು. ಧೂಮಪಾನದ ಕಾಲಮ್ಮಿನಲ್ಲಿ, ಕರಿಹಲಗೆಯ ಮೇಲೆ ಬರೆದಂತಹ ದುಂಡು ಅಕ್ಷರದಲ್ಲಿ ಬರೆದರು: ಹೌದು. ದಿನಕ್ಕೆ ನಾಲ್ಕು. ಇಪ್ಪತ್ತಾರು ವರ್ಷ.

ಆನಂದತೀರ್ಥ ಕನ್ನಡಕ ಒರೆಸಿದ. ಮಂಜರಿ ಮಾತ್ರ ಅತ್ತೆಯ ಹೆಗಲ ಮೇಲೆ ಕೈ ಇಟ್ಟಳು. ಇದೆಲ್ಲವನ್ನೂ ವಿಜಯಲಕ್ಷ್ಮಿಗೆ ಫೋನಿನಲ್ಲಿ ಹೇಳಿದವಳು ಐಶ್ವರ್ಯ.

ಯುಗಾದಿ ಮುಗಿದ ಮರುವಾರ ಬೇರೆ ಕೆಲಸಕ್ಕೆ ಅಗರಖೇಡಕ್ಕೆ ಹೋಗುವುದಿತ್ತು. ಸೀನೀರ ಬಾವಿಯ ಹತ್ತಿರ ಖಂಡೆಪ್ಪ ಜೀಪು ನಿಧಾನ ಮಾಡಿದ. ಬಾವಿಯ ಸುತ್ತ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಡುವೆ ಶ್ರೀಶೈಲಪ್ಪ. ಧೋತರ ಎತ್ತಿ ಕಟ್ಟಿಕೊಂಡು ಎರಡೂ ಕೈಯಿಂದ ಹಗ್ಗ ಎಳೆಯುತ್ತಿದ್ದ. ಅರ್ಧ ನೀರು ಬಾವಿಗೇ ವಾಪಸು ಬೀಳುತ್ತಿತ್ತು. ಕಟ್ಟೆಯ ಮೇಲೆ ಬಾಳಮ್ಮ ಕೂತು, ಹಗ್ಗ ಹೀಗಲ್ಲ ಹಾಗೆ ಎಂದು ಕೈ ಮಾಡಿ ತೋರಿಸುತ್ತಿದ್ದಳು. ಮಾತಿನ ನಡುವೆ ಈಗ ಉಸಿರು ಸಿಕ್ಕಿಕೊಳ್ಳುತ್ತಿರಲಿಲ್ಲ.

ಶ್ರೀಶೈಲಪ್ಪ ಜೀಪು ನೋಡಿ ಬೆವರು ಒರೆಸಿಕೊಂಡ.

"ಏನ್ರಿ ಯಜಮಾನ್ರ," ಎಂದು ಖಂಡೆಪ್ಪ ಕೂಗಿದ. "ಬಿಟ್ಟೇನಿ ಅಂದಿದ್ರಿ. ಮತ್ತ ಸೇದಾಕತ್ತೀರಿ?"

"ಹೌದ್ರಿ," ಎಂದ ಶ್ರೀಶೈಲಪ್ಪ. "ದಿನಕ್ಕ ಹತ್ತು."